ಮರದ ಬುಡಕ್ಕೆ ಚೆಲ್ಲಿದ ಇಪ್ಪತ್ತೆರಡು ಜಾಡಿ

ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಾದರೂ ಉಪ್ಪು ಮುಗಿದರೆ ಅಂಗಡಿಗೆ ಓಡುತ್ತಿರಲಿಲ್ಲ, ಕ್ಲಾವಕ್ಕನ ಗೇಟು ತಟ್ಟುತ್ತಿದ್ದರು. ಅವಳು ಕೊಡುತ್ತಿದ್ದಳು. ಕೊಡುವಾಗ ಬೈಯುವುದನ್ನೂ ಬಿಡುತ್ತಿರಲಿಲ್ಲ. "ಮನೇಲಿ ಉಪ್ಪಿಲ್ಲ ಅಂತ ಬಾಯಿಬಿಟ್ಟು ಹೇಳ್ತೀಯಲ್ಲ, ನಾಚಿಕೆ ಆಗಲ್ವೇನೇ? ಸಂಸಾರ ಮಾಡ್ತಿದ್ದೀಯೋ, ಇಲ್ಲಾ ಬಸ್ ಸ್ಟ್ಯಾಂಡಲ್ಲಿ ಕೂತಿದ್ದೀಯೋ?" ಎಂದು ನನಗೇ ಎಷ್ಟೋ ಸಲ ಅಂದಿದ್ದಾಳೆ. ನಾನು ಸ್ತೆಫಾ, ಅವಳ ಬೇಲಿಯಾಚೆಯ ಮನೆಯವಳು, ಮೂವತ್ತು ವರ್ಷ ಟ್ರಾಲಿಬಸ್ ಓಡಿಸಿದವಳು. ಬಾಯಿಮಾತಿನಲ್ಲಿ ನಾನೂ ಹಿಂದೆ ಬಿದ್ದವಳಲ್ಲ. "ಅಕ್ಕಾ, ನೀನು ಸತ್ತರೆ ನಿನ್ನ ಪೆಟ್ಟಿಗೇಲೂ ಎರಡು ಕಿಲೋ ಉಪ್ಪು ಇಟ್ಟೇ ಕಳಿಸ್ತೀವಿ ಬಿಡು" ಎನ್ನುತ್ತಿದ್ದೆ. ಅವಳು ನಗುತ್ತಿದ್ದಳು. ಆಮೇಲೆ, "ಬೆಂಕಿಪೊಟ್ಟಣಾನೂ ಇಡ್ರೇ" ಎನ್ನುತ್ತಿದ್ದಳು.

ಅವಳ ಪೂರ್ತಿ ಹೆಸರು ಕ್ಲಾವ್ದಿಯಾ ತಿಮೊಫಿಯೆವ್ನಾ. ನಲವತ್ತು ವರ್ಷ ಶಿಶುವಿಹಾರದ ಅಡುಗೆಮನೆಯಲ್ಲಿ ಗಂಜಿ ಕಲಕಿದ ಕೈ ಅದು. ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ ಪನಾಸ್ ಭಾವನನ್ನು ಮದುವೆಯಾಗಿ ನಮ್ಮ ಬೀದಿಗೆ ಬಂದಾಗ ಅವಳು ತಂದ ಸಾಮಾನಿನಲ್ಲಿ ಒಂದು ದಿಂಬಿನ ಚೀಲವಿತ್ತು. ಅದರೊಳಗೆ ದಿಂಬು ಇರಲಿಲ್ಲ, ಒಣಗಿಸಿದ ಬ್ರೆಡ್ಡಿನ ಚೂರುಗಳಿದ್ದವು. ಅವಳ ತಾಯಿ ಸಾವಿರದ ಒಂಬೈನೂರ ಮೂವತ್ತಮೂರರ ಕ್ಷಾಮದ ಹಸಿವಿನಲ್ಲಿ ಮೂರು ಜನ ಒಡಹುಟ್ಟಿದವರನ್ನು ಒಂದೇ ವಸಂತದಲ್ಲಿ ಮಣ್ಣು ಮಾಡಿದವಳು. ಆಮೇಲೆ ಸಾಯುವವರೆಗೂ ಒಲೆಯ ಹಿಂದಿನ ಮೊಳೆಗೆ ಆ ಚೀಲ ನೇತು ಹಾಕಿಕೊಂಡೇ ಬದುಕಿದಳು. ಊಟದಲ್ಲಿ ಉಳಿದ ಪ್ರತಿ ಚೂರೂ ಒಣಗಿ ಅದರೊಳಗೆ ಹೋಗಬೇಕು. ಮಗಳ ಮದುವೆಗೆ ಮೊದಲೇ ತಾಯಿ ಹೋಗಿದ್ದಳು, ಚೀಲ ಮಗಳ ಒಲೆಯ ಹಿಂದೆ ಬಂತು. ಆ ಮನೆಯಲ್ಲಿ ಸಾವು ಎಂದರೆ ಹಸಿವು ಎಂದೇ ಅರ್ಥ. ಅದಕ್ಕೆ ಬೇರೆ ಮುಖವೂ ಇರಬಹುದೆಂದು ತಾಯಿಗೂ ಹೊಳೆದಿರಲಿಲ್ಲ, ಮಗಳಿಗೂ ಹೊಳೆಯಲಿಲ್ಲ.

ಹಾಗಾಗಿ ದೇಶದಲ್ಲಿ ಎಲ್ಲೇ ಏನೇ ಸದ್ದಾಗಲಿ, ಕ್ಲಾವಕ್ಕ ಚೀಲ ಹಿಡಿದು ಹೊರಡುತ್ತಿದ್ದಳು. ಅಣುಸ್ಥಾವರ ಸಿಡಿದಾಗ ಹೊರಟಳು, ಸರ್ಕಾರ ಮುರಿದುಬಿದ್ದಾಗ ಹೊರಟಳು, ಕಾಯಿಲೆ ಬಂದು ಎಲ್ಲರೂ ಬಾಗಿಲು ಹಾಕಿಕೊಂಡಾಗ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಟಳು. ಉಪ್ಪು, ಬೆಂಕಿಪೊಟ್ಟಣ, ಸೋಪು, ಮೇಣದ ಬತ್ತಿ, ಸಕ್ಕರೆ, ಹಿಟ್ಟು, ಗಂಜಿಗೆ ಹಾಕುವ ಗ್ರೆಚ್ಕಾ ಕಾಳು. ಪ್ರತಿ ಸಲವೂ ಇದೇ ಸಾಮಾನು, ಇದೇ ಸರದಿ. ನಾವು ಬೀದಿಯ ಹೆಂಗಸರು ಬೆಂಚಿನ ಮೇಲೆ ಕೂತು ನಗಾಡುತ್ತಿದ್ದೆವು. ತಿಂಗಳು ಕಳೆದ ಮೇಲೆ ಉಪ್ಪು ಕೇಳಲು ಹೋಗುತ್ತಿದ್ದವರೂ ನಾವೇ.

ಆ ವರ್ಷ ಫೆಬ್ರವರಿಯಲ್ಲಿ ಅವಳು ಎಂದಿಗಿಂತ ಜೋರಾಗಿದ್ದಳು. ಟಿವಿಯಲ್ಲಿ ಗಡಿ, ಸೈನ್ಯ, ಟ್ಯಾಂಕುಗಳ ಮಾತು. ನಾನು, "ಬರೀ ಹೆದರಿಸ್ತಾರೆ ಅಕ್ಕ, ಏನೂ ಆಗಲ್ಲ" ಎಂದು ಹೇಳುತ್ತಲೇ ಇದ್ದೆ. ಅವಳು ನನ್ನ ಮಾತಿಗೆ ಕಿವಿಗೊಡದೆ ಗಾಡಿ ಎಳೆದುಕೊಂಡು ಸಗಟು ಅಂಗಡಿಗೆ ನಾಲ್ಕು ಸಲ ಹೋಗಿ ಬಂದಳು. ಗ್ರೆಚ್ಕಾ, ಗೋಧಿ, ಬಟಾಣಿ, ಅಕ್ಕಿ, ಎಲ್ಲ ಮೂಟೆಗಟ್ಟಲೆ. ಅಡುಗೆಮನೆಯ ಕೆಳಗಿನ ನೆಲಮಾಳಿಗೆಗೆ ಇಳಿಸಿದೆವು. ಇಳಿಸುವಾಗ ನನ್ನ ಸೊಂಟ ಹಿಡಿದುಕೊಂಡಿತು.

ಎರಡೇ ದಿನದಲ್ಲಿ ಇಲಿ ಬಂತು. ಮೂಟೆಯ ಮೂಲೆ ಕಡಿದು ಕಾಳು ಹರಡಿತ್ತು. ಕ್ಲಾವಕ್ಕನ ಮುಖ ನೋಡಬೇಕಿತ್ತು, ಯಾರೋ ಮಗುವಿಗೆ ಹೊಡೆದ ಹಾಗೆ. ಇಲಿಗೆ ಜಗ್ಗದ್ದು ಒಂದೇ, ಮೂರು ಲೀಟರಿನ ಗಾಜಿನ ಜಾಡಿ, ಮೇಲೆ ತಗಡಿನ ಮುಚ್ಚಳ. ಅಂಗಡಿಯಲ್ಲಿ ಆ ಕಾಲಕ್ಕೆ ಖಾಲಿ ಜಾಡಿ ಸಿಗುತ್ತಿರಲಿಲ್ಲ, ಜಾಡಿ ಬರುವುದು ಬೇಸಿಗೆಗೆ. ಅವಳ ಹತ್ತಿರ ಜಾಡಿಗಳೇನೋ ಬೇಕಾದಷ್ಟಿದ್ದವು, ಎಲ್ಲವೂ ತುಂಬಿದ್ದವು. ಉಪ್ಪುನೀರಿನ ಸೌತೆ, ಉಪ್ಪುನೀರಿನ ಟೊಮೇಟೊ, ಹುಳಿ ಎಲೆಕೋಸು. ಇನ್ನೊಂದು ಗೋಡೆಗೆ ಕಾಂಪೋಟ್, ಅಂದರೆ ಚೆರ್ರಿಯನ್ನು ಸಕ್ಕರೆ ನೀರಿನಲ್ಲಿ ಕುದಿಸಿ ಮುಚ್ಚಿಟ್ಟ ಪಾನಕ, ಇಪ್ಪತ್ತೆರಡು ಜಾಡಿ. ಹಿತ್ತಿಲಿನ ಮರದ್ದೇ ಹಣ್ಣು. ಭಾವನಿಗೆಂದೇ ಅವಳು ಪ್ರತಿ ಬೇಸಿಗೆಯಲ್ಲಿ ಮಾಡುತ್ತಿದ್ದದ್ದು. ಎರಡು ವರ್ಷದ ಹಿಂದೆ ಅವರ ಒಂದು ಮೂತ್ರಪಿಂಡ ತೆಗೆದಿದ್ದರು. ದಿನಕ್ಕೆ ಎರಡೂವರೆ ಲೀಟರ್ ಕುಡಿಯಲೇಬೇಕು, ಇಲ್ಲದಿದ್ದರೆ ಉಳಿದದ್ದೂ ಕೈಕೊಡುತ್ತದೆ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಬರೀ ನೀರು ಕುಡಿಯಲು ಮೊಂಡು ಹಿಡಿಯುವ ಮುದುಕ ಚೆರ್ರಿ ಪಾನಕವಾದರೆ ಗಟಗಟ ಇಳಿಸುತ್ತಿದ್ದರು.

"ಸ್ತೆಫಾ, ಹಿಡಿ ಆ ಕಡೆ" ಎಂದಳು ಕ್ಲಾವಕ್ಕ. ಜಾಡಿಗಳನ್ನು ಒಂದೊಂದಾಗಿ ಮೇಲೆ ತಂದೆವು.

ಭಾವ ಕೋಲೂರಿಕೊಂಡು ಹಿತ್ತಿಲಿನ ಬಾಗಿಲಿಗೆ ಬಂದರು. "ಏನ್ ಮಾಡ್ತಿದ್ದೀಯೇ ಮುದುಕಿ?"

"ಜಾಡಿ ಖಾಲಿ ಮಾಡ್ತಿದ್ದೀನಿ. ಅದರಲ್ಲಿ ಅರ್ಧ ಹೋದ ವರ್ಷದ್ದಕ್ಕಿಂತ ಹಿಂದಿನದು, ಬೀಜ ಇರೋ ಚೆರ್ರಿ ವರ್ಷ ದಾಟಿದ್ರೆ ವಿಷ."

"ಇನ್ನರ್ಧ ಹೋದ ಬೇಸಿಗೇದಲ್ವಾ? ಅದನ್ನಾದ್ರೂ ಬಿಡೆ. ನನ್ನ ಒಂಟಿ ಎತ್ತಿಗೆ ಏನು ಕುಡಿಸ್ಲಿ?" ಉಳಿದ ಮೂತ್ರಪಿಂಡಕ್ಕೆ ಅವರು ಒಂಟಿ ಎತ್ತು ಎಂದೇ ಹೆಸರಿಟ್ಟಿದ್ದರು.

ಕ್ಲಾವಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು. "ನೀರು ನಲ್ಲೀಲಿ ಬರುತ್ತೆ. ಗ್ರೆಚ್ಕಾ ನಲ್ಲೀಲಿ ಬರುತ್ತಾ? ಹೇಳು, ಬರುತ್ತಾ?"

ನಾನು ಬಿದ್ದುಬಿದ್ದು ನಕ್ಕೆ. ಭಾವನೂ ಸೋತು ಕೋಲೆತ್ತಿಕೊಂಡು ಒಳಗೆ ಹೋದರು. ನಾನೂ ಅವಳೂ ಸೇರಿ ಇಪ್ಪತ್ತೆರಡು ಜಾಡಿಯನ್ನೂ ಚೆರ್ರಿ ಮರದ ಬುಡಕ್ಕೇ ಬಗ್ಗಿಸಿದೆವು. ಮಣ್ಣು ಕೆಂಪಾಯಿತು, ಹಣ್ಣುಗಳು ಗುಡ್ಡೆಯಾಗಿ ಉಳಿದವು. ಮರದ್ದು ಮರಕ್ಕೇ ಸೇರಿತು ಎಂದು ನಾನೇ ಹೇಳಿದ ನೆನಪು. ಜಾಡಿ ತೊಳೆದು, ಒಣಗಿಸಿ, ಕಾಳು ತುಂಬಿ, ಮುಚ್ಚಳ ಬಿಗಿದು ಗೋಡೆಗೆ ಜೋಡಿಸಿದ ಮೇಲೆ ಕ್ಲಾವಕ್ಕ ಕೈ ಒರೆಸಿಕೊಳ್ಳುತ್ತ, "ಈಗ ಯಾವನು ಬೇಕಾದ್ರೂ ಬರ್ಲಿ" ಎಂದಳು. ಅಷ್ಟು ಸಮಾಧಾನದ ಮುಖ ಅವಳದ್ದು ನಾನು ಮತ್ತೆ ನೋಡಿಲ್ಲ.

ವಾರಕ್ಕೇ ಬಂದರು.

ಊರಿನ ಮೇಲೆ ಶೆಲ್ ಬೀಳತೊಡಗಿದ ಮೊದಲ ದಿನಗಳಲ್ಲಿ ನಾವು ಹೆದರಿದೆವು, ಆದರೆ ಎದೆಗುಂದಲಿಲ್ಲ. ಬೀದಿಯಲ್ಲಿ ಉಳಿದ ಒಂಬತ್ತು ಜನ ಕ್ಲಾವಕ್ಕನ ನೆಲಮಾಳಿಗೆಗೆ ಬಂದು ಸೇರಿದೆವು. ಅವರಲ್ಲಿ ಮೊಲೆಹಾಲು ಕುಡಿಸುವ ಓರಿನಾ ಎಂಬ ಹುಡುಗಿ ಕೂಸಿನ ಜೊತೆಗಿದ್ದಳು. ಅವಳ ಗಂಡ ಎಲ್ಲಿದ್ದಾನೆಂದು ಅವಳಿಗೇ ಗೊತ್ತಿರಲಿಲ್ಲ. ಕ್ಲಾವಕ್ಕ ಯಜಮಾನಿಯ ಗತ್ತಿನಲ್ಲಿ ಗಂಜಿ ಬಡಿಸಿದಳು. "ಈಗ ನಗ್ರಪ್ಪ, ಬೆಂಚಿನ ಮೇಲೆ ಕೂತು ನಗ್ತಿದ್ರಲ್ಲ!" ಎಂದು ಎಲ್ಲರನ್ನೂ ಹಂಗಿಸಿದಳು. ನಾವು ತಲೆ ತಗ್ಗಿಸಿ ಎರಡನೇ ಸಲ ಬಡಿಸಿಕೊಂಡೆವು.

ಮಾರ್ಚ್ ಎರಡನೇ ತಾರೀಖು ಕರೆಂಟು ಹೋಯಿತು. ಕರೆಂಟಿನ ಜೊತೆ ಪಂಪು ನಿಂತಿತು. ಕ್ಲಾವಕ್ಕ ನಲ್ಲಿ ತಿರುಗಿಸಿದಳು. ಅದು ಎರಡು ಸಲ ಗೊರಗೊರ ಎಂದು ಒಂದು ಬೊಗಸೆ ಕಂದು ನೀರು ಉಗುಳಿ ಸುಮ್ಮನಾಯಿತು. ಅವಳು ನಲ್ಲಿಯನ್ನು ಮುಚ್ಚಿ ಮತ್ತೆ ತೆರೆದಳು. ಆಮೇಲೆ ನನ್ನ ಕಡೆ ತಿರುಗಿದಳು. ಮನೆಯಲ್ಲಿ ಎರಡು ಬಕೆಟ್ಟು ಮತ್ತು ಒಂದು ಕೆಟಲ್ ನೀರಿತ್ತು. ಸ್ನಾನದ ತೊಟ್ಟಿ ತುಂಬಿಸಿಕೊಳ್ಳಬೇಕೆಂದು ಯಾರಿಗೂ ತೋಚಿರಲಿಲ್ಲ. ನಮ್ಮ ಊರಿನಲ್ಲಿ ಎಲ್ಲವೂ ಕೈಕೊಟ್ಟಿತ್ತು, ನಲ್ಲಿಯೊಂದು ಕೈಕೊಟ್ಟಿರಲಿಲ್ಲ.

ಹಿತ್ತಿಲಿನಲ್ಲಿ ಬಾವಿಯಿತ್ತು. ಸಮುದ್ರ ಹತ್ತಿರವಾದ್ದರಿಂದ ಅದರ ನೀರು ಉಪ್ಪು, ಬಾಯಿಗಿಟ್ಟರೆ ವಾಕರಿಕೆ, ಎಲ್ಲ ಗಿಡಕ್ಕೂ ಆಗುತ್ತಿರಲಿಲ್ಲ. ಕುದಿಸಿದರೆ ಇನ್ನಷ್ಟು ಉಪ್ಪು. ಕುಡಿಯುವ ನೀರು ಇದ್ದದ್ದು ಕಣಿವೆಯಲ್ಲಿ ನೆಲದಿಂದ ಜಿನುಗುವ ಊಟೆಯಲ್ಲಿ, ಒಂದೂವರೆ ಕಿಲೋಮೀಟರು. ಇಡೀ ಬಡಾವಣೆ ಅಲ್ಲೇ ಸಾಲು ನಿಲ್ಲುತ್ತಿತ್ತು. ಸಾಲಿನ ಮೇಲೂ ಶೆಲ್ ಬೀಳುತ್ತಿತ್ತು. ನಾನು ದಿನ ಬಿಟ್ಟು ದಿನ ಹೋಗುತ್ತಿದ್ದೆ. ಉಳಿದವರಲ್ಲಿ ಗಟ್ಟಿ ಮೊಣಕಾಲು ಇದ್ದದ್ದು ನನಗೇ. ಐದು ಲೀಟರಿನ ಎರಡು ಡಬ್ಬ ತಂದರೆ ಒಂಬತ್ತು ಜನಕ್ಕೆ ಎರಡು ದಿನ. ಒಬ್ಬೊಬ್ಬರಿಗೆ ಲೆಕ್ಕಕ್ಕೆ ಬರುವುದು ದಿನಕ್ಕೆ ಎರಡೂವರೆ ಲೋಟ. ಭಾವನಿಗೂ ಅಷ್ಟೇ. ಅಕ್ಕ ತನ್ನದರಲ್ಲಿ ಒಂದೂವರೆ ಲೋಟ ಅವರಿಗೆ ಸುರಿಯುತ್ತಿದ್ದಳು, ನಾನು ನೋಡಿಯೂ ನೋಡದವಳಂತೆ ಇರುತ್ತಿದ್ದೆ. ನನ್ನದರಲ್ಲಿ ಕೊಡುತ್ತಿರಲಿಲ್ಲ. ಊಟೆಗೆ ಹೋಗುವವಳು ನಾನು, ನನ್ನ ಕಾಲಲ್ಲಿ ಬಲವಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಗಂಜಿ ನಿಂತಿತು. ಒಂದು ಲೋಟ ಕಾಳಿಗೆ ಎರಡು ಲೋಟ ನೀರು, ಅವಳು ನಲವತ್ತು ವರ್ಷ ಅಳೆದ ಅಳತೆ. ಎರಡು ಲೋಟ ನೀರೆಂದರೆ ಒಬ್ಬರ ಒಂದು ದಿನದ ಜೀವ. ಇಪ್ಪತ್ತೆರಡು ಜಾಡಿ ಕಾಳು ಗೋಡೆಗೆ ಒರಗಿ ನಮ್ಮನ್ನು ನೋಡುತ್ತಿತ್ತು, ನಾವು ಅದನ್ನು ನೋಡುತ್ತಿದ್ದೆವು. ಉಳಿದದ್ದು ಉಪ್ಪುನೀರಿನ ಸೌತೆ, ಉಪ್ಪು ಸವರಿದ ಹಂದಿಕೊಬ್ಬು. ತಿಂದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಹಸಿದೇ ಕೂರುವುದು ಮೇಲಾಯಿತು. ಕೋಣೆ ಬೆಚ್ಚಗಿಡುವ ಕೊಳವೆಗಳನ್ನು ಬಿಚ್ಚಿ ಒಳಗಿನ ನೀರನ್ನು ತೆಗೆದೆವು, ತುಕ್ಕು ಕದಡಿದ ಕಪ್ಪು ನೀರು. ನಾನು ಮೊದಲು ಕುಡಿದು ಪರೀಕ್ಷಿಸಿದೆ, ದಿನವಿಡೀ ವಾಂತಿ ಮಾಡಿದೆ. ಒಂದು ದಿನ ಹಿಮ ಬಿತ್ತು. ಕೆರೆದು ಕೆರೆದು ತುಂಬಿದೆವು, ಕರಗಿಸಿದಾಗ ಬಕೆಟ್ಟಿನ ತಳದಲ್ಲಿ ಎರಡು ಬೆರಳಷ್ಟು ಮಸಿನೀರು ಸಿಕ್ಕಿತು. ಬಟ್ಟೆಯಲ್ಲಿ ಸೋಸಿ ಓರಿನಾಗೆ ಕೊಟ್ಟೆವು.

ಎಂಟನೇ ದಿನಕ್ಕೆ ಭಾವನ ಪಾದ ಊದಿತು. ಮುಖ ಮಣ್ಣಿನ ಬಣ್ಣಕ್ಕೆ ತಿರುಗಿತು. ಮೂತ್ರ ಹೋಗುವುದು ಕಡಿಮೆಯಾಯಿತು, ಹೋದದ್ದು ಚಹಾದ ಡಿಕಾಕ್ಷನ್ನಿನ ಹಾಗಿತ್ತು. ಆಸ್ಪತ್ರೆಗೆ ದಾರಿಯೇ ಉಳಿದಿರಲಿಲ್ಲ. ಕ್ಲಾವಕ್ಕ ಅವರ ಹಾಸಿಗೆಯ ಪಕ್ಕದಿಂದ ಏಳುತ್ತಿರಲಿಲ್ಲ. ಒದ್ದೆ ಬಟ್ಟೆಯ ತುದಿಯಿಂದ ತುಟಿ ಒರೆಸುತ್ತ ಕೂರುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಇದ್ದಕ್ಕಿದ್ದಂತೆ ಕೂಗಾಡಿದಳು. "ಬೈಯೋ ಮುದುಕಾ! ಒಂದು ಸಲ ಬೈದುಬಿಡು! ಐವತ್ತು ವರ್ಷ ಸಾರಲ್ಲಿ ಉಪ್ಪು ಜಾಸ್ತಿ ಆಗಿದ್ದಕ್ಕೆ, ಕಾಲುಚೀಲ ಸಿಗ್ಲಿಲ್ಲ ಅಂತ, ಬಾಗ್ಲು ಕಿರ್ರ್ ಅಂತು ಅಂತ ಬೈದೆ. ಈಗ ಯಾಕೆ ಬಾಯಿ ಮುಚ್ಕೊಂಡಿದ್ದೀಯಾ? ನಲ್ಲೀಲಿ ಬರುತ್ತೆ ಅಂದೆನಲ್ಲ, ಎಲ್ಲೇ ನಿನ್ನ ನಲ್ಲಿ ಅಂತ ಕೇಳು!"

ಭಾವ ಕಣ್ಣು ತೆರೆದು ಅವಳನ್ನು ನೋಡಿದರು. "ಕೂಸು ಎದ್ದುಬಿಡುತ್ತೆ, ಮೆತ್ತಗೆ ಮಾತಾಡೆ" ಎಂದರು, ಅಷ್ಟೇ.

ಅವಳು ಎದ್ದು ಮೆಟ್ಟಿಲು ಹತ್ತಿ ಹೊರಗೆ ಹೋದಳು. ನಾನು ಹಿಂದೆಯೇ ಓಡಿದೆ, ತಲೆಗೇನಾದರೂ ಆಯಿತೋ ಎಂದು. ಹೊರಗೆ ಮೂಳೆ ಕೊರೆಯುವ ಚಳಿ, ಬಂದರಿನ ಕಡೆಯಿಂದ ಹೊಗೆ, ಎರಡು ಬೀದಿಯಾಚೆ ಶೆಲ್ ಬೀಳುವ ಸದ್ದು. ಕ್ಲಾವಕ್ಕ ಚೆರ್ರಿ ಮರದ ಬುಡದಲ್ಲಿ ಮಂಡಿಯೂರಿ ಕೂತಿದ್ದಳು. ನಾವು ಚೆಲ್ಲಿದ ಹಣ್ಣಿನ ಗುಡ್ಡೆ ಅಲ್ಲೇ ಹೆಪ್ಪುಗಟ್ಟಿತ್ತು. ಮೇಲಿನದನ್ನು ಹಕ್ಕಿಗಳು ತಿಂದಿದ್ದವು. ಕೆಳಗಿನದು ಮಣ್ಣು, ಎಲೆ, ಮಂಜುಗಡ್ಡೆಯ ಜೊತೆ ಒಂದೇ ಗಂಟಾಗಿತ್ತು. ಅವಳು ಅದನ್ನು ಸೌಟಿನ ಹಿಡಿಯಿಂದ ಕುಟ್ಟಿ ಬಿಡಿಸುತ್ತಿದ್ದಳು, ಬಿಡದಿದ್ದರೆ ಉಗುರಿನಿಂದ ಕೆರೆಯುತ್ತಿದ್ದಳು.

"ಅಕ್ಕಾ, ಒಳಗೆ ಬಾ! ಸಾಯ್ತೀಯಾ!"

"ಒಂದೊಂದರಲ್ಲೂ ಒಂದೊಂದು ಗುಟುಕು ಇರುತ್ತೆ ಕಣೇ. ಕೂತ್ಕೋ. ಆರಿಸು."

ಕೂತೆ. ಚೆಲ್ಲುವಾಗ ನಕ್ಕ ಹಲ್ಲು ನನ್ನವೇ ತಾನೆ. ಇಬ್ಬರೂ ಸೆರಗಿನಂತೆ ಒಡ್ಡಿದ ಅವಳ ಏಪ್ರನ್ನಿಗೆ ಚೆರ್ರಿ ಆರಿಸಿ ಹಾಕಿದೆವು. ಬೆರಳಿನ ತುದಿಗಳು ಮರಗಟ್ಟಿದವು. ನನ್ನ ಕೈಮೇಲಿದ್ದದ್ದು ಚೆರ್ರಿಯ ಕೆಂಪೋ, ರಕ್ತವೋ ಎಂದು ಒಳಗೆ ಬಂದು ದೀಪದಲ್ಲಿ ನೋಡಿದ ಮೇಲೆ ಗೊತ್ತಾಯಿತು. ಎರಡು ಬೊಗಸೆ ಹಣ್ಣು ಸಿಕ್ಕಿತು.

ತೊಳೆಯಲು ಸಿಹಿನೀರಿಲ್ಲ, ಬಾವಿಯದರಲ್ಲಿ ತೊಳೆದರೆ ಹಣ್ಣೂ ಉಪ್ಪು. ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ, ಬೀಜ ತೆಗೆದು, ಅಂಗೈಯಲ್ಲಿ ಬೆಚ್ಚಗೆ ಮಾಡಿ, ಅವಳು ಭಾವನ ಬಾಯಿಗಿಟ್ಟಳು. ಭಾವ ಬಹಳ ಹೊತ್ತು ಚೀಪಿದರು. ಅವಳು ಅವರ ಮುಖವನ್ನೇ ನೋಡುತ್ತಿದ್ದಳು, ಒಲೆಯ ಮೇಲಿಟ್ಟ ಹಾಲನ್ನು ನೋಡುವ ಹಾಗೆ.

"ಈ ಸಲ ಸಕ್ಕರೆ ಕಮ್ಮಿ ಆಯ್ತು ಕಣೇ ಕ್ಲಾವಾ" ಎಂದರು ಭಾವ.

ಅವಳು ನಕ್ಕಳು, ಅತ್ತಳು. ಸದ್ದಿಲ್ಲದೆ ಅತ್ತಳು, ಕೂಸು ಮಲಗಿತ್ತು.

ಆ ಹಣ್ಣು ಮೂರು ದಿನ ಬಂತು. ನಾಲ್ಕನೇ ದಿನ ನಾನು ಊಟೆಗೆ ಹೋದಾಗ ಅಲ್ಲಿ ಸಾಲು ಇರಲಿಲ್ಲ. ಡಬ್ಬಗಳು ಚೆಲ್ಲಾಪಿಲ್ಲಿ ಬಿದ್ದಿದ್ದವು, ಡಬ್ಬಗಳ ಪಕ್ಕದಲ್ಲಿ ಜನವೂ ಬಿದ್ದಿದ್ದರು. ನಾನು ಕಣ್ಣು ಬೇರೆ ಕಡೆ ತಿರುಗಿಸಿ ಒಂದು ಡಬ್ಬ ತುಂಬಿಕೊಂಡೆ. ಎರಡನೆಯದನ್ನು ತುಂಬಿಸಲು ಧೈರ್ಯ ಸಾಲಲಿಲ್ಲ. ಮನೆಗೆ ಬಂದಾಗ ಭಾವನಿಗೆ ಎಚ್ಚರವಿರಲಿಲ್ಲ. ಚಮಚದಲ್ಲಿ ಹಾಕಿದ ನೀರು ಬಾಯಿಯ ಅಂಚಿನಿಂದ ಹೊರಗೆ ಬಂತು. ಕ್ಲಾವಕ್ಕ ಅದನ್ನೂ ಬೆರಳಿನಿಂದ ಒತ್ತಿ ಮತ್ತೆ ಒಳಗೆ ಹಾಕಿದಳು. ಮರುದಿನ ಬೆಳಗ್ಗೆ ಅವರು ಹೋದರು.

ನೆಲ ಕಲ್ಲಾಗಿತ್ತು. ಚೆರ್ರಿ ಮರದ ಪಕ್ಕದಲ್ಲಿ ಸೊಂಟದಷ್ಟು ಆಳ ತೋಡುವುದರೊಳಗೆ ನಾಲ್ಕು ಜನ ಸೋತೆವು. ಅಷ್ಟೇ ಸಾಕೆಂದು ಕಾರ್ಪೆಟ್ಟಿನಲ್ಲಿ ಸುತ್ತಿ ಇಳಿಸಿದೆವು. ನಮ್ಮಲ್ಲಿ ಸತ್ತವರ ಹೆಸರಿನಲ್ಲಿ ಗೋಧಿ ಬೇಯಿಸಿ, ಜೇನು ಕಲಸಿ, ಎಲ್ಲರಿಗೂ ಮೂರು ಮೂರು ಚಮಚ ಕೊಡಬೇಕು. ಗೋಧಿ ಮೂರು ಜಾಡಿಯಿತ್ತು, ಜೇನೂ ಇತ್ತು. ಕ್ಲಾವಕ್ಕ ಹಸಿ ಗೋಧಿಗೇ ಜೇನು ಕಲಸಿ ಚಮಚ ಹಿಡಿದು ಒಬ್ಬೊಬ್ಬರ ಮುಂದೆ ಬಂದಳು. ನಾವು ಒಣ ಬಾಯಲ್ಲಿ ಅಗಿದೆವು. ನುಂಗಲು ಯಾರಿಗೂ ಆಗಲಿಲ್ಲ, ಉಗುಳಲು ಯಾರಿಗೂ ಮನಸ್ಸು ಬರಲಿಲ್ಲ.

ಇನ್ನೊಂದು ಪದ್ಧತಿಯಿದೆ. ಸತ್ತವರ ಆತ್ಮ ನಲವತ್ತು ದಿನ ಮನೆಯಲ್ಲೇ ಸುತ್ತುತ್ತದೆ, ಅದಕ್ಕೆ ಬಾಯಾರುತ್ತದೆ, ಅದಕ್ಕಾಗಿ ಒಂದು ಲೋಟ ನೀರಿಟ್ಟು ಮೇಲೆ ಬ್ರೆಡ್ಡಿನ ಚೂರು ಮುಚ್ಚಬೇಕು. ಇದನ್ನು ಅವಳು ಬಿಡುತ್ತಾಳೆಂದು ನಾನು ಅಂದುಕೊಂಡಿದ್ದೆ. ಅವಳು ಆ ದಿನದ ತನ್ನ ಪಾಲಿನಿಂದ ಲೋಟ ತುಂಬಿಸಿದಳು, ಅಂಚಿನವರೆಗೂ. ತಾಯಿಯ ದಿಂಬಿನ ಚೀಲದಿಂದ ಒಂದು ಒಣ ಚೂರು ತೆಗೆದು ಮೇಲೆ ಮುಚ್ಚಿದಳು. ಭಾವ ಮಲಗುತ್ತಿದ್ದ ಹಲಗೆಯ ತಲೆಯ ಬಳಿ ಇಟ್ಟಳು. ಬದುಕಿದ್ದಾಗ ಹದಿನೈದು ದಿನ ಒಂದು ತುಂಬಿದ ಲೋಟವನ್ನು ಒಟ್ಟಿಗೆ ಕಾಣದ ಮನುಷ್ಯನಿಗೆ ಈಗ ಒಂದು ತುಂಬಿದ ಲೋಟ. ನೆಲಮಾಳಿಗೆಯಲ್ಲಿ ಎಂಟು ಜನರಿದ್ದೆವು, ಎಂಟು ಜನರ ಕಣ್ಣೂ ಅದರ ಮೇಲೆ. ಯಾರೂ ಮುಟ್ಟಲಿಲ್ಲ. ಓರಿನಾ ಗೋಡೆಯ ಕಡೆ ತಿರುಗಿ ಕೂತಳು.

ಮೂರನೇ ದಿನ ಬೀದಿಯಲ್ಲಿ ಯಾರೋ, ಪಶ್ಚಿಮದ ರಸ್ತೆ ತೆರೆದಿದೆ, ನಡೆಯಬಲ್ಲವರು ಈಗಲೇ ಹೊರಡಿ ಎಂದು ಕೂಗಿಕೊಂಡು ಹೋದರು. ಐದು ನಿಮಿಷದಲ್ಲಿ ಕಟ್ಟಿಕೊಂಡೆವು. ಕಾಳಿನ ಜಾಡಿಗಳನ್ನು ಯಾರು ಹೊರುತ್ತಾರೆ? ಎಲ್ಲ ಅಲ್ಲೇ ಉಳಿದವು, ಒಂದೂ ಒಡೆಯದೆ, ಮುಚ್ಚಳ ಬಿಗಿಯಾಗಿ. ಇಲಿಗೆ ಒಂದು ಕಾಳೂ ಸಿಕ್ಕಿರಲಾರದು. ಡಬ್ಬದಲ್ಲಿದ್ದ ಕೊನೆಯ ನೀರನ್ನು ಓರಿನಾಗೆ ದಾರಿಗೆಂದು ಕೊಟ್ಟೆವು.

ಎಲ್ಲರೂ ಮೆಟ್ಟಿಲು ಹತ್ತಿದ ಮೇಲೆ ಕ್ಲಾವಕ್ಕ ಲೋಟದ ಮುಂದೆ ನಿಂತಳು. ಅದನ್ನು ನಲವತ್ತು ದಿನ ಕದಲಿಸಬಾರದು. ಕೊನೆಗೆ ಬೇಲಿಯ ಬುಡಕ್ಕೆ ಚೆಲ್ಲಬೇಕು, ಅದೇ ನಡೆದು ಬಂದ ರೀತಿ. ಅವಳು ಬ್ರೆಡ್ಡಿನ ಚೂರು ಎತ್ತಿ ಜೇಬಿಗೆ ಹಾಕಿಕೊಂಡಳು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದಳು.

"ಕುಡಿ ಸ್ತೆಫಾ."

"ಅಯ್ಯೋ, ಭಾವನದು ಅದು ಅಕ್ಕ. ಪಾಪ ಸುತ್ಕೊಳ್ಳುತ್ತೆ."

"ನಾನು ಇನ್ನು ಏನನ್ನೂ ಚೆಲ್ಲಲ್ಲ. ಅರ್ಧ ನೀನು ಕುಡಿ, ಅರ್ಧ ನನಗೆ ಕೊಡು. ದಾರಿ ದೂರ ಇದೆ."

ತೆಗೆದುಕೊಂಡೆ. ಮೂರು ದಿನ ನಿಂತ ನೀರು, ಮೇಲೆ ಬ್ರೆಡ್ಡಿನ ಪುಡಿ ತೇಲುತ್ತಿತ್ತು. ಅರ್ಧಕ್ಕೆ ನಿಲ್ಲಿಸಬೇಕೆಂದುಕೊಂಡೇ ತುಟಿಗಿಟ್ಟೆ, ದೇವರಾಣೆಗೂ ಹಾಗೇ ಅಂದುಕೊಂಡಿದ್ದೆ. ಕಣ್ಣು ತೆರೆದಾಗ ಲೋಟದಲ್ಲಿ ಏನೂ ಉಳಿದಿರಲಿಲ್ಲ.

ಕ್ಲಾವಕ್ಕ ಖಾಲಿ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು ಸ್ಕಾರ್ಫಿನಲ್ಲಿ ಸುತ್ತಿ ಚೀಲದಲ್ಲಿಟ್ಟಳು. "ನಡಿ" ಎಂದಳು.

ಈಗ ನಾವಿಬ್ಬರೂ ಬೆಟ್ಟದ ಸೀಮೆಯ ಒಂದು ಊರಿನಲ್ಲಿ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದೇವೆ. ಇಲ್ಲಿ ನಲ್ಲಿಯಲ್ಲಿ ಹಗಲೆಲ್ಲ ನೀರು ಬರುತ್ತದೆ. ಅವಳ ಮಂಚದ ಕೆಳಗೆ ಮೂರು ಲೀಟರಿನ ಜಾಡಿಗಳಿವೆ, ಎಲ್ಲದರಲ್ಲೂ ನೀರು, ತಗಡಿನ ಮುಚ್ಚಳ. ಕಿಟಕಿಯ ಮೇಲೆ ಆ ಲೋಟವಿದೆ. ನಲವತ್ತು ದಿನ ಕಳೆದು ಎಷ್ಟೋ ಕಾಲವಾಯಿತು, ಅವಳು ಇನ್ನೂ ದಿನಾ ಬೆಳಗ್ಗೆ ಅದನ್ನು ತುಂಬಿಸುತ್ತಾಳೆ. ಹಿಂದಿನ ದಿನದ ನೀರನ್ನು ಚೆಲ್ಲುವುದಿಲ್ಲ. ಅರ್ಧ ತಾನು ಕುಡಿದು ಉಳಿದರ್ಧವನ್ನು ನನಗೆ ಕೊಡುತ್ತಾಳೆ. ಆ ದಿನದ ಮಾತನ್ನು ಅವಳು ಒಂದು ಸಲವೂ ಎತ್ತಿಲ್ಲ. ಎತ್ತಿ ಬೈದರೆ ಸಾಕು ಎಂದು ನಾನು ದಿನಾ ಕಾಯುತ್ತೇನೆ.